ಕೂಸಿನ ಬೇನೆಯ ಹೆಸರು

ಹಣಮಂತರಾಯರ ಮನೆಯ ಸಣ್ಣ ಸೊಸೆ ತುಳಜಾಬಾಯಿ ಗುಲಬರ್ಗಾಕ್ಕೆ ತರಬೇತಿಗೆಂದು ಹೋಗಿಬರತೊಡಗಿದ ಮೇಲೆ ದೊಡ್ಡ ಸೊಸೆ ಸುಂದರಬಾಯಿಯ ಕೈಗೆ ಬಿಡುವೇ ಇಲ್ಲದಂತಾಯಿತು. ಆಳಂದದ ಆ ಮನೆಯಲ್ಲಿ ಎರಡು ಹೊತ್ತೂ ಬುಟ್ಟಿ ತುಂಬ ರೊಟ್ಟಿ ಬೇಕು. ಮೊದಲೆಲ್ಲ ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸಿ, ಮಾತಾಡುತ್ತಲೇ ಮುಗಿಸುತ್ತಿದ್ದ ಕೆಲಸ. ಈಗ ತುಳಜಾ ಒಲೆ ಹೊತ್ತಿಸಿ, ಎಸರಿಗಿಟ್ಟು, ನಿನ್ನೆಯ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಬುತ್ತಿ ಕಟ್ಟಿಕೊಂಡು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದಳು. ಉಳಿದದ್ದೆಲ್ಲ ಸುಂದರಬಾಯಿಯದು.

ಅದು ತೊಂಬತ್ತೊಂದನೆಯ ಇಸವಿ. ತುಳಜಾಳ ಗಂಡ ದೇವೀಂದ್ರಪ್ಪ ದಾಲ್‌ಮಿಲ್ಲಿನಲ್ಲಿ ಗುಮಾಸ್ತ. ತೊಗರಿ ಬರುವ ಕಾಲಕ್ಕೆ ಮಿಲ್ಲು ನಡೆಯುತ್ತಿತ್ತು, ಉಳಿದಂತೆ ಬೀಗ. ಗುಲಬರ್ಗಾದ ದೊಡ್ಡ ದವಾಖಾನೆಯೊಂದರಲ್ಲಿ ರೋಗಿಗಳ ದಾಖಲೆ ಇಡುವ ಕೆಲಸ ಕಲಿಸುತ್ತಾರೆ, ಒಂದು ವರ್ಷದ ತರಬೇತಿ, ಪಿಯುಸಿ ಪಾಸಾದ ಹೆಣ್ಣುಮಕ್ಕಳೂ ಸೇರಬಹುದು ಎಂದು ಪೇಪರಿನಲ್ಲಿ ಓದಿ ಅವನೇ ಅಪ್ಪನ ಮುಂದೆ ಮಾತು ತೆಗೆದ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಮುದುಕರಾಗಿದ್ದ ಹಣಮಂತರಾಯರು, ಮನೆಗೆ ಒಂದಾದರೂ ಪಗಾರ ಬರಲಿ ಎಂದು ಹೂಂ ಅಂದರು. ಅವರ ಹೆಂಡತಿ ಹೀರಾಬಾಯಿ ಗಂಡನ ಎದುರು ತುಟಿ ಬಿಚ್ಚಲಿಲ್ಲ. ಅನ್ನಬೇಕಾದದ್ದನ್ನೆಲ್ಲ ಹಗಲು ಪೂರ್ತಿ ಸೊಸೆಯಂದಿರಿಗೆ ಅಂದಳು. ಮನೆಯ ಸೊಸೆ ಬಸ್ಸಿನಲ್ಲಿ ಅಡ್ಡಾಡಿದರೆ ಒಲೆ ಮುಂದೆ ಯಾರು ಕೂಡಬೇಕು, ಊರವರ ರೋಗ ಬರೆದುಕೊಂಡು ಬಂದ ಕೈಯಿಂದ ನಾವು ಉಣ್ಣಬೇಕೇ ಎಂದು ಎದ್ದರೆ ಒಂದು, ಕೂತರೆ ಒಂದು.

ಸುಂದರಬಾಯಿಗೂ ಒಳಗೊಳಗೇ ಸಿಟ್ಟಿತ್ತು. ತಾನು ಅತನೂರಿನ ಸಾಲೆಯಲ್ಲಿ ಏಳನೆಯ ಇಯತ್ತೆ ಓದಿ ಬಿಟ್ಟವಳು; ಖಜೂರಿಯಿಂದ ಬಂದ ಈ ಹುಡುಗಿ ಮದುವೆಯಾಗಿ ಎರಡು ವರ್ಷಕ್ಕೇ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಒಂದು ದಿನ ಮಾವ ದಪ್ಪಗಾದ ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿ, ಬರಿಯ ಪುಂಡಿಪಲ್ಯ ಉಂಡು ಎದ್ದರು. ಅತ್ತೆ ಆ ರೊಟ್ಟಿಯನ್ನು ಎತ್ತಿ ಸುಂದರಬಾಯಿಯ ಮುಂದೆ ಇಟ್ಟಳು. ಅವತ್ತು ಸಂಜೆ ತುಳಜಾ ಬಸ್ಸಿಳಿದು ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಸುಂದರಬಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

"ಮುಂಜಾನಿದು ನಾ ನೋಡ್ಕೋತೇನಿ. ಸಂಜಿದು ಪೂರಾ ನಿಂದು. ಆಗಂಗಿಲ್ಲ ಅಂದ್ರ ಈಗ ಹೇಳಿಬಿಡು."

"ಆಗ್ತದ್ರಿ ಅಕ್ಕಾ," ಅಂದಳು ತುಳಜಾ. "ಭಾಂಡೆ ಸೈತ ನಾನ ತಿಕ್ತೇನಿ."

ಅಂದಂತೆ ಮಾಡಿದಳು ಕೂಡ. ಸಂಜೆಯ ಹೊತ್ತು ಸುಂದರಬಾಯಿ ತೊಗರಿ ಹಸನು ಮಾಡುತ್ತ ಹತ್ತಿರ ಕೂಡುವಳು, ತುಳಜಾ ಕೆಲಸ ಮಾಡುತ್ತ ಗುಲಬರ್ಗಾದ ಸುದ್ದಿ ಹೇಳುವಳು. ಅಲ್ಲಿ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟಿದ್ದಾರೆ, ಒಳಗೆ ಹೋಗಬೇಕಾದರೆ ಗುಡಿಗೆ ಹೋದಂತೆ ಚಪ್ಪಲಿ ಹೊರಗೆ ಬಿಡಬೇಕು, ಧೂಳು ತಾಕಬಾರದು, ವಾರಕ್ಕೆ ಎರಡು ಸಲ ತಮ್ಮನ್ನು ಅದರ ಮುಂದೆ ಕೂಡಿಸುತ್ತಾರೆ. ಜಗತ್ತಿನ ಒಂದೊಂದು ಬೇನೆಗೂ ಒಂದೊಂದು ಅಂಕಿ ಇದೆ, ಆಳಂದದಲ್ಲಿ ಬಂದ ಬೇನೆಗೂ ವಿಲಾಯತಿಯಲ್ಲಿ ಬಂದ ಬೇನೆಗೂ ಅದೇ ಅಂಕಿ. ಡಾಕ್ಟರರು ಗೀಚಿದ್ದನ್ನು ಓದಿ ಆ ಅಂಕಿ ಹುಡುಕಿ ಹಾಕುವುದೇ ತಮ್ಮ ಕೆಲಸ. ಮುಂದೆ ಎಲ್ಲ ಕಾಗದವೂ ಆ ಯಂತ್ರದೊಳಗೆ ಹೋಗುತ್ತದಂತೆ. ಸುಂದರಬಾಯಿ ಕೇಳುತ್ತ, ರೊಟ್ಟಿ ಬಡಿದು ಹೆಗಲು ಬಿದ್ದುಹೋಗುವುದಕ್ಕೆ ಯಾವ ಅಂಕಿ ಎಂದು ವಿಚಾರಿಸಿದಳು. ಇಬ್ಬರೂ ನಕ್ಕರು. ಒಳಗಿನಿಂದ ಹೀರಾಬಾಯಿ ಕೆಮ್ಮಿದಳು, ನಗು ನಿಂತಿತು.

ಹೀಗೆ ಕೆಲವು ತಿಂಗಳು ನಡೆಯಿತು. ಒಂದು ಸಂಜೆ ಎಲ್ಲರೂ ಪಡಸಾಲೆಯಲ್ಲಿ ಉಣ್ಣುತ್ತಿದ್ದರು. ತುಳಜಾ ಬಡಿಸುತ್ತ, ಗುರುಗಳು ಒಂದು ಕೆಲಸ ಕೊಟ್ಟಿದ್ದಾರೆ ಎಂದು ಮಾವನಿಗೆ ಹೇಳಿದಳು. ಹಳ್ಳಿಗಳಲ್ಲಿ ಬಹಳ ಜನ ಮನೆಯಲ್ಲೇ ಸಾಯುತ್ತಾರೆ, ಅವರದು ದವಾಖಾನೆಯ ಕಾಗದ ಇರುವುದಿಲ್ಲ, ಮನೆಯವರನ್ನು ಕೇಳಿ ಏನೇನಾಗಿತ್ತು ಎಂದು ತಿಳಿದು ಕಾರಣ ಗುರುತಿಸುವುದನ್ನು ಕಲಿಯಬೇಕು, ತಮ್ಮ ತಮ್ಮ ಮನೆಯಿಂದಲೇ ಶುರುಮಾಡಿ ಎಂದಿದ್ದಾರೆ. ಹಣಮಂತರಾಯರಿಗೆ ಇದು ಹಿಡಿಸಿತು. ತಮ್ಮ ಅಣ್ಣ ಹೇಗೆ ಸೊರಗುತ್ತ ಬಂದ, ಹೇಗೆ ಕೆಮ್ಮಿನಲ್ಲಿ ರಕ್ತ ಬಂತು ಎಂದು ಉಣ್ಣುತ್ತಲೇ ವಿವರಿಸಿದರು. ಅದು ಕ್ಷಯ ಎಂದು ತುಳಜಾ ಅಂದಳು. ಹೌದು, ಹೌದು ಎಂದು ಅವರು ತಲೆಯಾಡಿಸಿದರು.

ಅದೇ ಉಮೇದಿನಲ್ಲಿ ತುಳಜಾ ಕೇಳಿಬಿಟ್ಟಳು: "ಅಕ್ಕಾರ ಕೂಸು ಏನಾಗಿ ಹೋತ್ರಿ?"

ಸುಂದರಬಾಯಿಯ ಗಂಡ ಮಲ್ಲಣ್ಣ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ತಾಟು ನೋಡುತ್ತ ಕೂತ. ಉತ್ತರ ಕೊಟ್ಟವಳು ಹೀರಾಬಾಯಿ.

"ತವರಮನಿ ನೀರು ಕುಡದು ಸತ್ತದ ಅಂತ ಬರಕೋ. ಅದಕ್ಕ ನಿಮ್ಮ ಗುರುಗಳು ಏನ್ ಅಂಕಿ ಹಾಕ್ತಾರ ಕೇಳ್ಕೊಂಡು ಬಾ."

ಕೂಸಿನ ಹೆಸರು ಗುರಪ್ಪ. ಎರಡು ತುಂಬಿರಲಿಲ್ಲ. ಎಂಟು ವರ್ಷದ ಹಿಂದೆ ಸುಂದರಬಾಯಿ ತಮ್ಮನ ಮದುವೆಗೆಂದು ಅದನ್ನು ಎತ್ತಿಕೊಂಡು ಅತನೂರಿಗೆ ಹೋಗಿದ್ದಳು. ತಿರುಗಿ ಬಂದ ಮರುದಿನ ಕೂಸಿಗೆ ವಾಂತಿಭೇದಿ ಹತ್ತಿತು, ಮೂರು ದಿನಕ್ಕೆ ಹೋಯಿತು. ಬೇಡ ಬೇಡ ಅಂದರೂ ತವರಿಗೆ ಒಯ್ದು ಮನೆಯ ವಂಶ ಕಳೆದವಳು ಎಂದು ಹೀರಾಬಾಯಿ ಅಂದಳು. ಬಂದು ಹೋಗುವವರೆಲ್ಲರ ಮುಂದೆ ಅಂದಳು. ಸುಂದರಬಾಯಿಗೆ ಮತ್ತೆ ಗಂಡು ಆಗಲಿಲ್ಲ. ದೊಡ್ಡವಳಾಗುತ್ತಿದ್ದ ಮಗಳು ನೀಲಾ ಒಬ್ಬಳೇ. ಆಮೇಲೆ ತವರಿನ ಮಾತು ಎತ್ತಿದಾಗಲೆಲ್ಲ, ಒಮ್ಮೆ ಹೋಗಿಬಂದದ್ದು ಸಾಕಾಗಲಿಲ್ಲವೇ ಎಂಬ ಪ್ರಶ್ನೆ ಬರುತ್ತಿತ್ತು. ಅಪ್ಪ ತೀರಿಕೊಂಡಾಗ ಮಣ್ಣಿಗೆ ಹೋಗಿ ಅಂದೇ ಬಂದಿದ್ದಳು, ಅಷ್ಟೆ. ಎಂಟು ವರ್ಷ ಕೇಳಿ ಕೇಳಿ ಅವಳೂ ಅದನ್ನೇ ನಂಬಿದ್ದಳು.

ಭಾನುವಾರ ಇಬ್ಬರೂ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಾಗ ತುಳಜಾ ತಪ್ಪಾಯಿತು ಅಂದಳು, ಆ ಮಾತು ತೆಗೆಯಬಾರದಿತ್ತು. ಸುಂದರಬಾಯಿ ಕಲ್ಲಿನ ಮೇಲೆ ಸೀರೆ ಕುಕ್ಕುತ್ತಲೇ ಇದ್ದಳು. ಆಮೇಲೆ, ಯಾರೂ ಕೇಳದಿದ್ದದ್ದನ್ನು ನೀನೊಬ್ಬಳು ಕೇಳಿದೆ ಎಂದು ತಾನಾಗಿಯೇ ಹೇಳತೊಡಗಿದಳು. ಕೂಸಿನ ಕಣ್ಣು ಹೇಗೆ ಒಳಗೆ ಹೋದವು, ನೆತ್ತಿ ಹೇಗೆ ತಗ್ಗಾಯಿತು, ಹೊಟ್ಟೆಯ ತೊಗಲು ಹಿಡಿದೆತ್ತಿದರೆ ಎತ್ತಿದಂತೆಯೇ ಹೇಗೆ ನಿಲ್ಲುತ್ತಿತ್ತು, ಅಳುವಾಗ ಕಣ್ಣೀರು ಹೇಗೆ ಬರಲಿಲ್ಲ.

"ನೀರು ಕುಡಸಿದ್ರೇನ್ರಿ?" ತುಳಜಾ ಕೇಳಿದಳು.

"ಇಲ್ಲ. ಕುಡದಷ್ಟೂ ಹೊರಗ ಹೋಗ್ತದ, ಹನಿ ನೀರು ಕೊಡಬ್ಯಾಡ ಅಂದ್ರು ಅತ್ತಿ. ಕೂಸು ತಂಬಿಗಿ ಕಡೆ ಕೈ ಮಾಡ್ತಿತ್ತು. ತಂಬಿಗಿ ಕಣ್ಣಿಗೆ ಬೀಳದಂಗ ಒಳಗ ಇಟ್ಟು ಬಂದೆ."

ತುಳಜಾ ಆಗಲೇ ಹಿಂಡಿದ್ದ ಅರಿವೆಯನ್ನು ಮತ್ತೆ ಹಿಂಡಿದಳು.

ಆ ವಾರ ಅವಳು ಸಂಜೆ ಬಂದು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದಳು. ಕಂಪ್ಯೂಟರಿನ ಮಾತಿಲ್ಲ, ನಗುವಿಲ್ಲ. ಕೂಸಿನದು ಏನೆಂದು ಬರೆದೆ ಎಂದು ಸುಂದರಬಾಯಿ ಕೇಳಿದರೆ, ಇನ್ನೂ ಬರೆದಿಲ್ಲ ಎಂದು ಜಾರಿಕೊಳ್ಳುವಳು. ಇವಳೇನೋ ಮುಚ್ಚಿಡುತ್ತಿದ್ದಾಳೆ ಎಂದು ಸುಂದರಬಾಯಿಗೆ ಗೊತ್ತಾಯಿತು. ಅತ್ತೆ ಅಂದದ್ದೇ ನಿಜವಿರಬೇಕು, ತನಗೆ ನೋವಾಗುತ್ತದೆಂದು ಹೇಳುತ್ತಿಲ್ಲ ಎಂದುಕೊಂಡಳು. ಕೊನೆಗೆ ಒಂದು ದಿನ ತುಳಜಾಳ ಕೈಯಿಂದ ಭಾಂಡೆ ಕಸಿದುಕೊಂಡು ಕೆಳಗಿಟ್ಟಳು.

"ನನ್ನ ಕೂಸು ಅದು. ಏನಿದ್ರೂ ನನಗ ಹೇಳು."

ತುಳಜಾ ಬಾಗಿಲ ಕಡೆ ನೋಡಿ ಹೇಳಿದಳು. ಯಾರ ಮನೆಯದೆಂದು ಹೇಳದೆ ಅವಳು ಪಾಠ ಹೇಳುವ ಡಾಕ್ಟರರನ್ನೇ ಕೇಳಿದ್ದಳು.

"ಮೈಯಾಗಿನ ನೀರು ಆರಿ ಜೀವ ಹೋಗೂದು ಅಂತಾರ್ರಿ ಅಕ್ಕಾ ಅದಕ್ಕ. ಹೋದಷ್ಟು ನೀರು ಮತ್ತ ಒಳಗ ಹಾಕ್ತಾ ಇರಬೇಕಂತ. ಉಪ್ಪು ಸಕ್ಕರಿ ಹಾಕಿ ಗುಟುಕು ಗುಟುಕು ಕುಡಸ್ತಾ ಹೋದ್ರ ಭಾಳ ಮಕ್ಕಳು ಉಳೀತಾವಂತ."

"ಅತನೂರಿನ ನೀರಿಂದ ಬಂತೇನು?"

"ಅದು ಯಾರಿಗ್ ಗೊತ್ತಾಗ್ತದ್ರಿ? ಅಲ್ಲಿಂದ ಬಂದಿರಬಹುದು, ಇಲ್ಲಿಂದ ಬಂದಿರಬಹುದು. ಆದ್ರ ಬಂದ ಕೂಡಲೇ ಸಾಯೂ ಬ್ಯಾನಿ ಅಲ್ರಿ ಅದು."

ಸುಂದರಬಾಯಿ ಒರಳಿನ ಮೇಲೆ ಕೂತಳು. "ನಾನ ಕೊಡಲಿಲ್ಲ," ಅಂದಳು.

"ನಿಮಗ ಗೊತ್ತಿರಲಿಲ್ರಿ ಅಕ್ಕಾ."

"ಕೂಸಿಗೆ ಗೊತ್ತಿತ್ತು. ಅದು ಕೇಳ್ತು."

ಮರುದಿನದಿಂದ ಅವಳು ಕೆಲಸ ಬಿಡಲಿಲ್ಲ, ಜಗಳ ತೆಗೆಯಲಿಲ್ಲ. ಆದರೆ ಬೇಳೆಗೆ ಉಪ್ಪು ಎರಡು ಸಲ ಬಿತ್ತು, ಹಾಲು ಉಕ್ಕಿ ಒಲೆ ಆರಿತು. ಅತ್ತೆ ಕರೆದರೆ ಮೂರನೆಯ ಸಲಕ್ಕೆ ಓಗೊಡುವಳು. ನೀಲಾ ನೀರು ಬೇಡಿದರೆ ಮಾತ್ರ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುವಳು. ಮಲ್ಲಣ್ಣ ಏನಾಗಿದೆ ಎಂದು ಕೇಳಿದಾಗ, ಏನಿಲ್ಲ ಅಂದಳು. ಅವನಿಗೂ ಅಷ್ಟೇ ಬೇಕಿತ್ತು.

ಅದೇ ಹೊತ್ತಿಗೆ ಅವಳ ತಮ್ಮ ಹೇಳಿ ಕಳಿಸಿದ: ಅವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲ, ಅಕ್ಕ ಬಂದು ನೋಡಿ ಹೋಗಲಿ. ಆ ಸುದ್ದಿ ಬಂದ ದಿನ ಮಧ್ಯಾಹ್ನ ಮಾವ ಮತ್ತು ಮಲ್ಲಣ್ಣ ಅಂಗಡಿಯಿಂದ ಊಟಕ್ಕೆ ಬಂದಿದ್ದರು. ಏನೋ ರಜೆಯೆಂದು ತುಳಜಾಳೂ ಮನೆಯಲ್ಲಿದ್ದಳು. ಬಳೆ ಮಾರುವ ಖಾಸೀಂಬಿ ಬಾಗಿಲಲ್ಲಿ ಬುಟ್ಟಿ ಇಳಿಸಿ ನೀಲಾಳ ಕೈಗೆ ಬಳೆ ಏರಿಸುತ್ತಿದ್ದಳು. ಸುದ್ದಿ ಕೇಳಿ ಅವಳು, ಮುದುಕಿಯ ಜೀವ, ಒಂದು ಸಲ ಹೋಗಿ ಬರಲಿ ಬಿಡ್ರಿ ಹೀರಾಬಾಯಿ ಎಂದಳು. ಹೀರಾಬಾಯಿ ಎಂದಿನ ಮಾತನ್ನು ಎಂದಿನಂತೆಯೇ ಆಡಿದಳು. ಹಿಂದೊಮ್ಮೆ ಹೋಗಿ ಕೂಸನ್ನು ನುಂಗಿಕೊಂಡು ಬಂದಿದ್ದಾಳೆ, ಈಗ ಮಗಳನ್ನು ಒಯ್ಯಲಿಕ್ಕೆ ಹೊರಟಿದ್ದಾಳೆ ಎಂದಳು.

ಸುಂದರಬಾಯಿ ಬಡಿಸುತ್ತಿದ್ದ ಬುಟ್ಟಿಯನ್ನು ನೆಲಕ್ಕಿಟ್ಟಳು.

"ಅತ್ತಿ, ಕೂಸು ಅತನೂರಾಗ ಸಾಯಲಿಲ್ರಿ. ಈ ಪಡಸಾಲ್ಯಾಗ, ನನ್ನ ತೊಡಿ ಮ್ಯಾಲ ನೀರಡಿಸಿ ಸತ್ತದ. ನೀರು ಕೊಡಬ್ಯಾಡ ಅಂದಾಕಿ ನೀವು. ಕೊಡದಾಕಿ ನಾನು."

ಖಾಸೀಂಬಿಯ ಕೈ ಬಳೆಯ ಮೇಲೆಯೇ ನಿಂತಿತು. ಹೀರಾಬಾಯಿಗೆ ಮೊದಲು ಮಾತು ತಿಳಿಯಲೇ ಇಲ್ಲ. ತಿಳಿದ ಮೇಲೆ ಅವಳ ಕಣ್ಣು ಹೋದದ್ದು ತುಳಜಾಳ ಕಡೆಗೆ. ಇದೇನು ಗುಲಬರ್ಗಾದಲ್ಲಿ ಕಲಿತು ಬಂದದ್ದು, ಅತ್ತೆಯನ್ನು ಕೊಲೆಗಾರ್ತಿ ಮಾಡುವ ವಿದ್ಯೆ ಅಂದಳು. ನಾಳೆಯಿಂದ ಬಸ್ಸು ಹತ್ತಿದರೆ ಈ ಹೊಸ್ತಿಲು ತುಳಿಯಕೂಡದು ಅಂದಳು. ತನ್ನ ಅತ್ತೆ ಹೇಳಿದ್ದನ್ನೇ ತಾನು ಹೇಳಿದ್ದು, ಊರಿಗೆ ಊರೇ ಹಾಗೆ ಮಾಡುತ್ತಿತ್ತು, ಊರೆಲ್ಲ ಕೊಲೆಗಾರರೇ ಎಂದು ಕೇಳಿದಳು. ದನಿ ಏರುತ್ತ ಹೋಯಿತು. ಹಣಮಂತರಾಯರು, ಸಾಕು ಮುಗಿಸಿರಿ, ಮಂದಿ ಕೇಳುತ್ತಾರೆ ಎಂದು ಎರಡು ಸಲ ಅಂದರು. ಯಾರೂ ಲಕ್ಷ್ಯ ಕೊಡಲಿಲ್ಲ.

ಆಗ ಮಲ್ಲಣ್ಣ ತಾಟಿನಲ್ಲೇ ಕೈ ತೊಳೆದ.

"ಎವ್ವಾ, ಡಾಕ್ಟರನ್ನ ಕರಕೊಂಡ್ ಬರ್ತೇನಿ ಅಂತ ನಾ ಎರಡನೇ ದಿನ ಚಪ್ಪಲಿ ಮೆಟ್ಟಿದ್ದೆ. ನೀ ತಡಿ ಅಂದಿ. ನಾ ತಡದೆ. ಎಂಟು ವರ್ಷ ಈಕಿನ್ನ ಬೈಯೂದು ಕೇಳ್ಕೋತ ಕುಂತೆ. ನನ್ನ ಪಾಲೂ ಅದರಾಗ ಅದ."

ಇಷ್ಟು ಹೇಳಿ ಎದ್ದು ಅಂಗಡಿಗೆ ಹೋದ. ಖಾಸೀಂಬಿ ದುಡ್ಡು ಆಮೇಲೆ ಇಸಿದುಕೊಳ್ಳುತ್ತೇನೆ ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ತುಳಜಾ ಬಸ್ಸಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ದೇವೀಂದ್ರಪ್ಪ ಅವ್ವನಿಗೂ ಹೆದರಿ, ಹೆಂಡತಿಗೂ ಹೆದರಿ, ಮಿಲ್ಲಿನಲ್ಲೇ ಕಾಲ ಕಳೆದ. ಹಾಜರಿ ಇಷ್ಟಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂಬುದು ತುಳಜಾಳಿಗೆ ಗೊತ್ತಿತ್ತು, ಆದರೂ ಅವಳು ಹಟ ಮಾಡಲಿಲ್ಲ. ತನ್ನ ಬಾಯಿಂದಲೇ ಮನೆ ಒಡೆಯಿತು ಎಂದು ಮೂಲೆ ಹಿಡಿದಳು. ಹೀರಾಬಾಯಿ ಸುಂದರಬಾಯಿಯ ಕೈಯ ಅಡುಗೆ ಬಿಟ್ಟಳು. ಸೀಮೆಎಣ್ಣೆಯ ಸ್ಟೋ ಹೊತ್ತಿಸಿ ದೇವರ ಕೋಣೆಯ ಹೊರಗೆ ತನ್ನಷ್ಟಕ್ಕೆ ಒಂದು ಹಿಡಿ ಅನ್ನ ಮಾಡಿಕೊಂಡು ಉಂಡಳು. ಒಂದೇ ಮನೆಯಲ್ಲಿ ಎರಡು ಕಡೆ ಹೊಗೆ ಎದ್ದಿತು.

ಮೂರನೆಯ ಬೆಳಿಗ್ಗೆ ಸುಂದರಬಾಯಿ ಬುತ್ತಿ ಕಟ್ಟಿ, ತುಳಜಾಳ ಚೀಲದೊಳಗೆ ಇಟ್ಟು, ಚೀಲವನ್ನು ಅವಳ ಮುಂದೆ ಹಿಡಿದಳು.

"ಹೋಗು. ಇಲ್ಲಿದು ನಾ ನೋಡ್ಕೋತೇನಿ."

"ಅತ್ತಿಯವರು ಹೊಸ್ತಿಲ ತುಳೀಬ್ಯಾಡ ಅಂದಾರ್ರಿ."

"ಹೊಸ್ತಿಲ ಕಸ ದಿನಾ ಹೊಡಿಯಾಕಿ ನಾನು. ಹೋಗು ನೀ."

ಹೀರಾಬಾಯಿ ಪಡಸಾಲೆಯಲ್ಲೇ ಕೂತಿದ್ದಳು. ತುಳಜಾ ಕಾಲಿಗೆ ಬಿದ್ದು ಹೊರಟಾಗ ಅವಳು ಗೋಡೆಯ ಕಡೆ ತಿರುಗಿದಳು, ತಡೆಯಲಿಲ್ಲ. ಆ ಸಂಜೆ ತುಳಜಾ ಬಂದಾಗ ಬಾಗಿಲು ತೆರೆದೇ ಇತ್ತು.

ಮುಂದಿನ ವಾರ ಮಲ್ಲಣ್ಣ ಅಂಗಡಿಯನ್ನು ಅಪ್ಪನಿಗೆ ಬಿಟ್ಟು ಸುಂದರಬಾಯಿಯನ್ನೂ ನೀಲಾಳನ್ನೂ ಅತನೂರಿಗೆ ಕರೆದುಕೊಂಡು ಹೋದ. ಯಾರನ್ನೂ ಕೇಳಲಿಲ್ಲ, ಹೋಗಿಬರುತ್ತೇವೆ ಎಂದಷ್ಟೇ ಹೇಳಿದ. ಸುಂದರಬಾಯಿ ನಾಲ್ಕಾರು ದಿನ ಅವ್ವನ ಮಂಚದ ಹತ್ತಿರ ಇದ್ದಳು. ತಾನು ಅಲ್ಲಿ ಅತ್ತು ಹಗುರಾಗುತ್ತೇನೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಬೈಗುಳದ ಭಾರ ಇಳಿದಿತ್ತು. ತಂಬಿಗೆಯನ್ನು ಒಳಗಿಟ್ಟು ಬಂದ ಕೈ ಮಾತ್ರ ಅವಳದೇ ಆಗಿ ಉಳಿಯಿತು. ಅವ್ವ ಚೇತರಿಸಿಕೊಂಡಳು. ಬಿಟ್ಟು ಹೋಗಿದ್ದ ಮಲ್ಲಣ್ಣ ಮತ್ತೆ ಬಂದು ಕರೆದುಕೊಂಡು ಹೋದ.

ತಿರುಗಿ ಬಂದಾಗ ಮನೆ ತಣ್ಣಗಿತ್ತು. ತುಳಜಾ ಎರಡು ಹೊತ್ತಿನ ಕೆಲಸವನ್ನೂ ಒಬ್ಬಳೇ ಎಳೆದು ಸೊರಗಿದ್ದಳು. ಹೀರಾಬಾಯಿ ಸ್ಟೋ ಆರಿಸಿ ಮತ್ತೆ ಎಲ್ಲರ ಜೊತೆ ಉಣ್ಣುತ್ತಿದ್ದಳು, ಆದರೆ ಮಾತು ಕಡಿಮೆಯಾಗಿತ್ತು. ಪರೀಕ್ಷೆ ಹತ್ತಿರ ಬಂದದ್ದರಿಂದ ತುಳಜಾ ಸಂಜೆ ರೊಟ್ಟಿ ಬೇಯುವ ನಡುವೆಯೇ ಪುಸ್ತಕ ನೋಡುತ್ತಿದ್ದಳು, ಸುಂದರಬಾಯಿ ಬಡಿಯುತ್ತಿದ್ದಳು.

ಅಂಥ ಒಂದು ಸಂಜೆ, ಇನ್ನೂ ಬೆಳಕಿದ್ದಾಗಲೇ, ಹೀರಾಬಾಯಿ ಅಡುಗೆಮನೆಗೆ ಬಂದು ಬಾಗಿಲ ಪಕ್ಕ ಕೂತಳು. ಏನು ಬೇಕೆಂದು ಸುಂದರಬಾಯಿ ಕೇಳಿದಳು. ಏನೂ ಬೇಡ ಅಂದಳು. ಬೆಂಕಿ ನೋಡುತ್ತ, ಮಲ್ಲಣ್ಣನಿಗಿಂತ ಮೊದಲು ತನಗೆ ಎರಡು ಕೂಸು ಆಗಿದ್ದವು ಅಂದಳು. ಸೊಸೆಯಂದಿರಿಬ್ಬರಿಗೂ ಅದು ಗೊತ್ತಿರಲಿಲ್ಲ. ಆ ಮನೆಯಲ್ಲಿ ಯಾರೂ ಯಾವತ್ತೂ ಅದನ್ನು ಆಡಿರಲಿಲ್ಲ.

"ಒಂದು ಹೆಣ್ಣು. ಹೆಸರಿಡೂ ಮೊದಲ ಹೋತು. ಬಾಯಿ ಮುಚ್ಚಿದ್ದು ತೆರೀಲಿಲ್ಲ, ಮೈ ಬಿಲ್ಲಿನಂಗ ಬಗ್ತು. ಮೊಲಿ ಹಿಡೀಲಿಲ್ಲ." ಅವಳು ಸುಂದರಬಾಯಿಯನ್ನು ನೋಡಿಯೇ ಹೇಳುತ್ತಿದ್ದಳು. "ಈಕಿನ್ನ ಕೇಳು, ಅದೇನಂತ."

ತುಳಜಾ ಪುಸ್ತಕ ಮುಚ್ಚಿದಳು. ಹೊಕ್ಕಳಬಳ್ಳಿ ಯಾತರಿಂದ ಕೊಯ್ದಿದ್ದರು ಎಂದು ಮೆಲ್ಲಗೆ ಕೇಳಿದಳು. ಕುಡಗೋಲಿನಿಂದ ಎಂದು ಹೀರಾಬಾಯಿ ಹೇಳಿದಳು. ಅದು ಧನುರ್ವಾಯು ಎಂದು ತುಳಜಾ ಅಂದಳು. ಆ ಹೊತ್ತಿನಲ್ಲಿ ಯಾರಿಂದಲೂ ಏನೂ ಆಗುತ್ತಿರಲಿಲ್ಲ ಎಂದೂ ಅಂದಳು.

"ಇನ್ನೊಂದು ಗಂಡು. ನಡ್ಯಾಕ ಕಲ್ತಿತ್ತು." ಹೀರಾಬಾಯಿ ಸೆರಗಿನ ಚುಂಗು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಅದಕ್ಕ ಭೇದಿ ಹತ್ತಿತ್ತು. ನಮ್ಮತ್ತಿ ನೀರಿನ ಕೊಡದ ಮ್ಯಾಲ ಮುಚ್ಚಳ ಹಾಕಿ ಅದರ ಮ್ಯಾಲ ತಾನ ಕುಂತ್ಲು. ಅದೂ ಹಂಗೇನು?"

ತುಳಜಾ ಸುಂದರಬಾಯಿಯ ಮುಖ ನೋಡಿದಳು. ಇದಕ್ಕೆ ಪುಸ್ತಕ ಬೇಕಿರಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಕರಿಯಾಗುತ್ತಿತ್ತು. ಸುಂದರಬಾಯಿ ಇಲ್ಲ ಎಂದು ಹೇಳಬಹುದಿತ್ತು, ಅತ್ತೆ ನಂಬುತ್ತಿದ್ದಳು. ಎಂಟು ವರ್ಷದ ಮಾತುಗಳನ್ನೆಲ್ಲ ಒಟ್ಟು ಮಾಡಿ ಹೌದು ಎಂದು ಮುಖಕ್ಕೆ ಹೊಡೆಯಲೂಬಹುದಿತ್ತು. ಸುಂದರಬಾಯಿ ಹಂಚನ್ನು ಇಳಿಸಿ, ಕೈ ತೊಳೆದು, ಬಂದು ಅತ್ತೆಯ ಪಕ್ಕ ಕೂತಳು.

"ಹೌದ್ರಿ ಅತ್ತಿ. ಅದೂ ಹಂಗ."

ಹೀರಾಬಾಯಿ ಅಳಲಿಲ್ಲ. "ಬಂಡೆಪ್ಪ ಅಂತ ಅದರ ಹೆಸರು," ಅಂದಳು. ಅದು ಹೇಗೆ ಗೋಡೆ ಹಿಡಿದು ನಡೆಯುತ್ತಿತ್ತು, ಅಪ್ಪನ ತಲೆಯ ಪಟಗಾ ಎಳೆಯುತ್ತಿತ್ತು, ಬೆಲ್ಲ ಕಂಡರೆ ಹೇಗೆ ನಗುತ್ತಿತ್ತು ಎಂದು ಒಂದೊಂದೇ ತೆಗೆದು ಹೇಳತೊಡಗಿದಳು. ಹೇಳಿದ್ದನ್ನೇ ಮತ್ತೆ ಹೇಳಿದಳು. ಒಲೆಯಲ್ಲಿ ಕಟ್ಟಿಗೆ ಉರಿದು ಕೆಂಡವಾಯಿತು. ಯಾರೂ ಮುಂದಕ್ಕೆ ನೂಕಲಿಲ್ಲ. ಸುಂದರಬಾಯಿ, ಗುರಪ್ಪನಿಗೂ ಬೆಲ್ಲವೆಂದರೆ ಅಷ್ಟೇ ಆಸೆಯಿತ್ತು ಅಂದಳು. ಹೌದು, ನನಗೆ ನೆನಪಿದೆ ಎಂದಳು ಹೀರಾಬಾಯಿ.

ಪಡಸಾಲೆಯಿಂದ ಹಣಮಂತರಾಯರು ತಾಟು ಇನ್ನೂ ಯಾಕೆ ಬಂದಿಲ್ಲ ಎಂದು ಕೂಗಿದರು. ಮತ್ತೊಮ್ಮೆ ಕೂಗಿದರು. ಸುಂದರಬಾಯಿ ಏಳಲು ಹೋದಳು. ಹೀರಾಬಾಯಿ ಅವಳ ಮೊಣಕಾಲ ಮೇಲೆ ಕೈ ಇಟ್ಟು ಕೂಡಿಸಿದಳು.

"ಜರಾ ತಡೀರಿ," ಎಂದು ಅವಳು ಒಳಗಿನಿಂದಲೇ ಗಂಡನಿಗೆ ಹೇಳಿದಳು. "ನಾವು ಇಲ್ಲಿ ಮಾತಾಡಾಕತ್ತೇವಿ."